ಒಂದೇ ಬಾಗಿಲು, ಹಲವು ಹೆಸರು



ಬ್ರಿಟನ್ನಿನ ಬಿ.ಬಿ.ಸಿ. 1986ರಲ್ಲಿ ಆಸ್ಪತ್ರೆಯ ಬದುಕನ್ನು ಕುರಿತ ಧಾರಾವಾಹಿಯೊಂದನ್ನು ಆರಂಭಿಸಿತು. ಅದರ ಹೆಸರು ‘ಕ್ಯಾಶುವಾಲ್ಟಿ’. ಅಮೆರಿಕದ ಎನ್.ಬಿ.ಸಿ. 1994ರಿಂದ 2009ರವರೆಗೆ ಅಂಥದೇ ಇನ್ನೊಂದನ್ನು ಪ್ರಸಾರ ಮಾಡಿತು. ಅದರ ಹೆಸರು ‘ಇ.ಆರ್.’, ಅಂದರೆ ಎಮರ್ಜೆನ್ಸಿ ರೂಮ್. ಎರಡರ ಕಥೆಯೂ ನಡೆಯುವುದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲೇ. ಎರಡು ದೇಶಗಳ ಭಾಷೆಯೂ ಇಂಗ್ಲಿಷೇ. ಆದರೂ ಹೆಸರುಗಳು ಬೇರೆ. ಏಕೆ?

‘ಕ್ಯಾಶುವಾಲ್ಟಿ’ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಬೀಳುವುದು, ಆಕಸ್ಮಿಕವಾಗಿ ಒದಗುವುದು ಎಂದು ಅದರ ಅರ್ಥ. ಯುದ್ಧದ ವರದಿಗಳಲ್ಲಿ ಈ ಪದವನ್ನು ನಾವು ‘ಸಾವುನೋವು’ ಎಂದು ಅನುವಾದಿಸುತ್ತೇವೆ. ಆಸ್ಪತ್ರೆಯಲ್ಲಿ ಅದು ಗಾಯಾಳುಗಳನ್ನು ನೋಡುವ ಜಾಗಕ್ಕೆ ಹೆಸರಾಯಿತು. 1962ರಲ್ಲಿ ಸರ್ ಹ್ಯಾರಿ ಪ್ಲಾಟ್ ಅವರ ಅಧ್ಯಕ್ಷತೆಯ ಸಮಿತಿಯು ಇದರ ಬದಲು ‘ಆಕ್ಸಿಡೆಂಟ್ ಅಂಡ್ ಎಮರ್ಜೆನ್ಸಿ’ ಎಂಬ ಹೆಸರನ್ನು ಸೂಚಿಸಿತು. ಬ್ರಿಟನ್ನಿನ ಜನ ಅದನ್ನು ಮೊಟಕುಗೊಳಿಸಿ ‘ಎ ಅಂಡ್ ಇ’ ಎನ್ನುತ್ತಾರೆ.

ಅಮೆರಿಕದಲ್ಲಿ ತುರ್ತು ವೈದ್ಯಕೀಯವು 1979ರಲ್ಲಿ ಪ್ರತ್ಯೇಕ ತಜ್ಞಶಾಖೆಯಾಗಿ ಮನ್ನಣೆ ಪಡೆಯಿತು. ಈಗ ಅದು ಒಂದು ಕೋಣೆಯಲ್ಲ, ಹಲವು ಕೋಣೆಗಳ ಇಡೀ ವಿಭಾಗ. ಆದ್ದರಿಂದ ಅಲ್ಲಿನ ವೈದ್ಯರು ‘ಎಮರ್ಜೆನ್ಸಿ ಡಿಪಾರ್ಟ್‌ಮೆಂಟ್’ ಎನ್ನುತ್ತಾರೆ. ಜನರ ಬಾಯಲ್ಲಿ ಮಾತ್ರ ‘ಇ.ಆರ್.’ ಉಳಿದಿದೆ. ಆಸ್ಟ್ರೇಲಿಯದಲ್ಲಿ ‘ಇ.ಡಿ.’ ಎಂಬುದೇ ರೂಢಿ.

ಇನ್ನು ನಮ್ಮಲ್ಲಿ? ಬ್ರಿಟಿಷರ ಕಾಲದ ಇಂಗ್ಲಿಷಿನಿಂದ ಬಂದ ‘ಕ್ಯಾಶುವಾಲ್ಟಿ’ ಇನ್ನೂ ಹೋಗಿಲ್ಲ. ಜೊತೆಗೆ ‘ಎಮರ್ಜೆನ್ಸಿ’, ‘ಟ್ರಾಮಾ ಸೆಂಟರ್’, ‘ಅಪಘಾತ ಮತ್ತು ತುರ್ತು ಚಿಕಿತ್ಸಾ ವಿಭಾಗ’ ಎಂಬ ಫಲಕಗಳೂ ಕಾಣುತ್ತವೆ. ಪತ್ರಿಕೆಗಳಲ್ಲಿ ಐ.ಸಿ.ಯು.ವನ್ನು ಒಮ್ಮೆ ‘ತೀವ್ರ ನಿಗಾ ಘಟಕ’ ಎಂದೂ, ಒಮ್ಮೆ ‘ತುರ್ತು ನಿಗಾ ಘಟಕ’ ಎಂದೂ ಬರೆಯುವುದುಂಟು. ಇದರಿಂದ ಗೊಂದಲ ಹೆಚ್ಚುತ್ತದೆ. ಐ.ಸಿ.ಯು. ಎಂದರೆ ದಾಖಲಾದ ರೋಗಿಯ ಮೇಲೆ ಸತತ ನಿಗಾ ಇಡುವ ಸ್ಥಳ. ರಸ್ತೆಯಿಂದ ನೇರವಾಗಿ ಹೋಗುವ ಬಾಗಿಲು ಅದಲ್ಲ.

ಇದು ಬರಿಯ ಪದಗಳ ಚರ್ಚೆ ಎನ್ನಬೇಡಿ. ಒಬ್ಬರಿಗೆ ಎದೆನೋವು ಬಂದಿದೆ ಎನ್ನೋಣ. ಮೈಮೇಲೆ ಗಾಯವಿಲ್ಲ. ಫಲಕದಲ್ಲಿ ‘ಅಪಘಾತ’ ಎಂಬುದನ್ನು ಕಂಡ ಮನೆಯವರು ಇದು ನಮಗಲ್ಲವೆಂದು ಹೊರರೋಗಿ ವಿಭಾಗದ ಚೀಟಿಯ ಸಾಲಿನಲ್ಲಿ ನಿಂತರೆ? ಹೃದಯಾಘಾತದಲ್ಲಿ ರಕ್ತ ಸಿಗದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಪಾರ್ಶ್ವವಾಯು, ಹಾವಿನ ಕಡಿತ, ವಿಷಪ್ರಾಶನ, ಉಸಿರಾಟದ ತೊಂದರೆ, ಇವುಗಳಲ್ಲಿಯೂ ಹೊತ್ತು ಕಳೆದಷ್ಟು ಅಪಾಯ ಹೆಚ್ಚು. ಇವೆಲ್ಲಕ್ಕೂ ಬಾಗಿಲು ಅದೇ.

ಬಾಗಿಲು ತಲುಪಿದ ಮೇಲೆ ಕಾನೂನಿನ ಭಯವೂ ಬೇಡ. ಮೊದಲು ಜೀವ ಉಳಿಸಬೇಕು, ಪೊಲೀಸ್ ವಿಧಿಗಳು ಅದಕ್ಕೆ ಅಡ್ಡಿಯಾಗಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿದೆ.

ಹಾಗಾದರೆ ಯಾವ ಹೆಸರು ಒಳ್ಳೆಯದು? ಗಾಬರಿಯಲ್ಲಿರುವವನು ಓದಿದ ತಕ್ಷಣ ಅರ್ಥವಾಗುವ ಹೆಸರೇ ಒಳ್ಳೆಯದು. ‘ತುರ್ತು ಚಿಕಿತ್ಸೆ’ ಎಂಬ ಎರಡು ಪದ ಸಾಕು. ಅವು ಗಾಯಾಳುವನ್ನೂ ಕರೆಯುತ್ತವೆ, ರೋಗಿಯನ್ನೂ ಕರೆಯುತ್ತವೆ. ಹೊರಗೇಟಿನಲ್ಲಿಯೇ ಅವನ್ನು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು.

ಅಲ್ಲಿಯವರೆಗೆ ನೀವೊಂದು ಕೆಲಸ ಮಾಡಿ. ನಿಮ್ಮೂರಿನ ಅಥವಾ ತಾಲ್ಲೂಕಿನ ಆಸ್ಪತ್ರೆಯಲ್ಲಿ ಆ ಬಾಗಿಲು ಎಲ್ಲಿದೆ, ಅದರ ಮೇಲೆ ಯಾವ ಹೆಸರಿದೆ ಎಂದು ನೋಡಿಕೊಂಡು ಬನ್ನಿ. ಮನೆಯ ಹಿರಿಯರಿಗೂ ತಿಳಿಸಿ. ಅದರ ಜೊತೆಗೆ 108 ಎಂಬ ಸಂಖ್ಯೆಯನ್ನೂ ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಬರೆದಿಡಿ.