ದಿಂಬಂ ಘಟ್ಟದ ತಿರುವುಗಳೂ ಮೋಟಾರ್ ಸೈಕಲ್ಲಿನ ನಡಿಗೆಯೂ

(ಸಂಘದ ವಾರ್ಷಿಕೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬ ಈ ವೇದಿಕೆಯನ್ನು ಏರಿದರೆ ಕಾವ್ಯವನ್ನೋ ಗಡಿನಾಡಿನ ಭಾಷಾಸ್ಥಿತಿಯನ್ನೋ ಕುರಿತು ನಾಲ್ಕು ಮಾತನ್ನಾಡುವನೆಂದು ತಾವು ನಿರೀಕ್ಷಿಸುವುದು ಸಹಜವೇ ಸರಿ. ಹಿಂದಿನ ಉತ್ಸವಗಳಲ್ಲಿ ನಾವು ಅದನ್ನೇ ಮಾಡುತ್ತ ಬಂದಿದ್ದೇವೆ. ಈ ಸಲ ಮಾತ್ರ ಮೋಟಾರ್ ಸೈಕಲ್ಲು ತಿರುವಿನಲ್ಲಿ ಹೇಗೆ ತಿರುಗುತ್ತದೆ, ಏಕೆ ವಾಲುತ್ತದೆ ಎಂಬ ವಿಷಯವನ್ನು ಆರಿಸಿಕೊಂಡಿದ್ದೇವೆ. ಕಾರಣವನ್ನು ಕೇಳಿದ ಮೇಲೆ ತಾವು ಕ್ಷಮಿಸುವಿರೆಂದು ನಂಬಿದ್ದೇವೆ.

ತಾಳವಾಡಿಯ ಬಯಲಿನಲ್ಲಿ ಬಾಳುವ ನಮಗೆ ಸತ್ಯಮಂಗಲವೂ ಈರೋಡೂ ಘಟ್ಟದ ಕೆಳಗಿನ ಊರುಗಳು. ಓದಿಗೂ ಕೆಲಸಕ್ಕೂ ವ್ಯಾಪಾರಕ್ಕೂ ನಮ್ಮ ಮನೆಗಳ ಹುಡುಗರು ಹಾಸನೂರನ್ನು ದಾಟಿ, ದಿಂಬಂ ಘಟ್ಟದ ಇಪ್ಪತ್ತೇಳು ಹೇರ್‌ಪಿನ್ ತಿರುವುಗಳನ್ನು ಇಳಿದು, ಬಣ್ಣಾರಿಯಮ್ಮನಿಗೆ ಕೈಮುಗಿದು ಮುಂದೆ ಹೋಗಬೇಕು. ಇವರಲ್ಲಿ ಎಷ್ಟೋ ಮಂದಿ ಹೋಗುವುದು ಬಂಡಿಯ ಮೇಲೆ. (ನೆರೆಯ ತಮಿಳರು ವಂಡಿಯೆನ್ನುವುದನ್ನು ನಾವು ಬಂಡಿಯೆನ್ನುತ್ತೇವೆ. ಅವರ ವಕಾರ ನಮ್ಮಲ್ಲಿ ಬಕಾರವಾಗುವ ಹಳೆಯ ನಿಯಮ ಮೋಟಾರ್ ಸೈಕಲ್ಲಿಗೂ ಅನ್ವಯಿಸಿರುವುದು ನಮ್ಮಂಥವರಿಗೆ ಸಂತೋಷದ ಸಂಗತಿ.) ಈ ಬಂಡಿಯನ್ನು ಅವರಿಗೆ ಕಲಿಸಿದವರು ಯಾರು? ಅಣ್ಣನೋ ಸೋದರಮಾವನೋ ಒಂದು ಸಂಜೆ ಕ್ಲಚ್ಚು, ಗೇರು, ಬ್ರೇಕುಗಳನ್ನು ತೋರಿಸಿಕೊಟ್ಟರೆ ವಿದ್ಯಾಭ್ಯಾಸ ಮುಗಿಯಿತು. ತಿರುಗಿಸುವುದನ್ನು ಯಾರೂ ಹೇಳಿಕೊಡುವುದಿಲ್ಲ. ಅದರಲ್ಲಿ ಹೇಳಿಕೊಡುವಂಥದೇನೂ ಇಲ್ಲವೆಂದೇ ಎಲ್ಲರೂ ತಿಳಿದಿದ್ದೇವೆ.

ನಾವೂ ಹಾಗೆಯೇ ತಿಳಿದಿದ್ದೆವು. ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕಾಡಿನ ರಸ್ತೆಯ ಬಾಗಿನಲ್ಲಿ ಎದುರಿಗೆ ಬಂದ ಕಬ್ಬಿನ ಲಾರಿಗೆ ಉಜ್ಜಿಕೊಂಡು ಬಿದ್ದನು. ಕುತ್ತಿಗೆಯ ಕೆಳಗಿನ ಎಲುಬು ಮುರಿದಿತ್ತು. ತಲೆಗೆ ಹೆಲ್ಮೆಟ್ ಇದ್ದುದರಿಂದ ಪ್ರಾಣ ಉಳಿಯಿತು. ನೋಡಲು ಹೋದಾಗ ಅವನು ಹೇಳಿದ ಮಾತು ಇದು: “ಮೇಷ್ಟ್ರೆ, ಲಾರಿ ಬಲಗಡೆ ಇತ್ತು. ನಾನು ಹ್ಯಾಂಡಲನ್ನು ಎಡಕ್ಕೇ ಎಳೆದೆ. ಬಂಡಿ ಬಲಕ್ಕೇ ಹೋಯಿತು.” ಕೂಡಿದ್ದವರು ಗಾಬರಿಯಲ್ಲಿ ಹುಡುಗನಿಗೆ ಎಡಬಲ ತಿಳಿಯಲಿಲ್ಲವೆಂದರು. ನಮಗೂ ಆಗ ಹಾಗೆಯೇ ತೋರಿತು. ಮನೆಗೆ ಬಂದು, ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರ ನೆರವಿನಿಂದ ಕೆಲವು ತಿಂಗಳು ಈ ವಿಷಯವನ್ನು ಓದಿ ನೋಡಿದ ಮೇಲೆ ತಿಳಿದುಬಂದುದೇನೆಂದರೆ, ಹುಡುಗನು ಹೇಳಿದ್ದು ಅಕ್ಷರಶಃ ನಿಜ. ಹ್ಯಾಂಡಲನ್ನು ಎಡಕ್ಕೆ ಎಳೆದುದರಿಂದಲೇ ಬಂಡಿ ಬಲಕ್ಕೆ ಹೋಯಿತು.

ಇದು ಹೇಗೆಂಬುದನ್ನು ನಿಧಾನವಾಗಿ ನೋಡೋಣ.

ಎತ್ತಿನ ಗಾಡಿಯಾಗಲಿ ಕಾರಾಗಲಿ ಅಗಲವಾದ ಪಾದದ ಮೇಲೆ ನಿಂತಿರುತ್ತದೆ. ತಿರುವಿನಲ್ಲಿ ಅದರ ಮೈ ಹೊರಕ್ಕೆ ವಾಲಿದರೂ ಚಕ್ರಗಳು ತಡೆದುಕೊಳ್ಳುತ್ತವೆ. ಮೋಟಾರ್ ಸೈಕಲ್ಲು ನಿಂತಿರುವುದು ಒಂದರ ಹಿಂದೊಂದಿರುವ ಎರಡು ಚಕ್ರಗಳ ಮೇಲೆ. ಒಂದೊಂದು ಚಕ್ರವೂ ನೆಲವನ್ನು ಮುಟ್ಟುವ ಜಾಗ ನಮ್ಮ ಅಂಗೈಯಷ್ಟು. ಇಂಥ ಬಂಡಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಉರುಳುತ್ತದೆ. ಚಕ್ರಗಳು ಎಡಕ್ಕೆ ಹೋದಾಗ ಮೇಲಿನ ಭಾರ ಮೊದಲಿನ ದಾರಿಯಲ್ಲಿಯೇ ಮುಂದುವರಿಯಲು ಎಳಸುವುದರಿಂದ ಹೀಗಾಗುತ್ತದೆ. ಆದಕಾರಣ ಎಡಕ್ಕೆ ತಿರುಗಬೇಕಾದರೆ ಬಂಡಿ ಮೊದಲು ಎಡಕ್ಕೆ ವಾಲಿರಬೇಕು. ಒಳಕ್ಕೆ ಬೀಳಿಸುವ ಭಾರವೂ ಹೊರಕ್ಕೆ ಉರುಳಿಸುವ ವೇಗವೂ ಒಂದನ್ನೊಂದು ಸರಿದೂಗಿಸಿದಾಗ ಬಂಡಿ ವಾಲಿದಂತೆಯೇ ನಿಂತು ತಿರುವನ್ನು ಮುಗಿಸುತ್ತದೆ.

ಹಾಗಾದರೆ ಅದನ್ನು ವಾಲಿಸುವುದು ಹೇಗೆ? ಇಲ್ಲಿಯೇ ಇರುವುದು ಗುಟ್ಟು. ಮಕ್ಕಳು ಪೊರಕೆಕಡ್ಡಿಯನ್ನೋ ಕೋಲನ್ನೋ ಅಂಗೈಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಅಂಗಳದಲ್ಲಿ ನಡೆಯುವ ಆಟವನ್ನು ತಾವೆಲ್ಲ ಬಲ್ಲಿರಿ. ಕೋಲನ್ನು ಎಡಕ್ಕೆ ಒಯ್ಯಬೇಕಾದ ಹುಡುಗ ಅಂಗೈಯನ್ನು ಮೊದಲು ಒಂದಿಷ್ಟು ಬಲಕ್ಕೆ ಸರಿಸುತ್ತಾನೆ. ಕೋಲಿನ ತಲೆ ಎಡಕ್ಕೆ ವಾಲುತ್ತದೆ. ಆಮೇಲೆ ಅವನು ಕೈಯನ್ನು ಅದರ ಹಿಂದೆ ಎಡಕ್ಕೆ ಓಡಿಸುತ್ತಾನೆ. ಅಂಗೈಯನ್ನು ಮೊದಲೇ ಎಡಕ್ಕೆ ಒಯ್ದನೋ, ಕೋಲು ಬಲಕ್ಕೆ ಬಿತ್ತು. ಬಂಡಿಯ ಚಕ್ರಗಳೇ ಇಲ್ಲಿ ಅಂಗೈ. ಬಂಡಿಯೂ ಸವಾರನೂ ಕೂಡಿ ಕೋಲು. ಎಡಕ್ಕೆ ತಿರುಗಬೇಕಾದ ಸವಾರನು ಎಡಗೈಯ ಹಿಡಿಯನ್ನು ಮುಂದಕ್ಕೆ ಮೆಲ್ಲನೆ ಒತ್ತಬೇಕು. ಹಾಗೆ ಒತ್ತಿದಾಗ ಮುಂದಿನ ಚಕ್ರ ಕೂದಲೆಳೆಯಷ್ಟು ಬಲಕ್ಕೆ ಮುಖಮಾಡಿ ಬಂಡಿಯ ಕಾಲನ್ನು ಬಲಕ್ಕೆ ಸರಿಸುತ್ತದೆ. ಮೈ ಎಡಕ್ಕೆ ವಾಲುತ್ತದೆ. ವಾಲಿದೊಡನೆ ಮುಂದಿನ ಚಕ್ರ ತಾನಾಗಿಯೇ ಎಡಕ್ಕೆ ಹೊರಳಿ ದಾರಿ ಎಡಕ್ಕೆ ಬಾಗುತ್ತದೆ. ಇಷ್ಟೆಲ್ಲ ನಡೆಯುವುದು ಅರ್ಧ ಕ್ಷಣದಲ್ಲಿ. ತಿರುವಿನ ಕೊನೆಯಲ್ಲಿ ನೆಟ್ಟಗಾಗಬೇಕಾದರೆ ಇದರ ವಿಪರ್ಯಾಸ: ಬಲಗೈಯ ಹಿಡಿಯನ್ನು ಒತ್ತಬೇಕು.

ನಮ್ಮ ಹುಡುಗನು ಹ್ಯಾಂಡಲನ್ನು ಎಡಕ್ಕೆ ಎಳೆದಾಗ ಆದದ್ದೇನೆಂಬುದನ್ನು ಈಗ ತಾವೇ ಊಹಿಸಬಹುದು. ಎಡಹಿಡಿ ಹಿಂದಕ್ಕೆ ಬಂದಿತು, ಬಲಹಿಡಿ ಮುಂದಕ್ಕೆ ಹೋಯಿತು, ಚಕ್ರಗಳು ಎಡಕ್ಕೆ ಸರಿದವು, ಬಂಡಿ ಬಲಕ್ಕೆ ವಾಲಿತು. ಬಲಕ್ಕೆ ಲಾರಿಯಿತ್ತು.

ಇದು ಹೊಸ ಶೋಧವೇನೂ ಅಲ್ಲ. ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕರಾಗಿದ್ದ ರ‍್ಯಾಂಕಿನ್ ಎಂಬ ವಿದ್ವಾಂಸರು 1869ರಷ್ಟು ಹಿಂದೆಯೇ ಅಂದಿನ ಸೈಕಲ್ಲುಗಳ ವಿಷಯದಲ್ಲಿ ಇದನ್ನು ಬರೆದಿದ್ದರು. 1903ರಲ್ಲಿ ವಿಮಾನವನ್ನು ಹಾರಿಸಿದ ರೈಟ್ ಸಹೋದರರು ಅದಕ್ಕೆ ಮುಂಚೆ ಅಮೆರಿಕದ ಡೇಟನ್ ಪಟ್ಟಣದಲ್ಲಿ ಸೈಕಲ್ ಅಂಗಡಿಯನ್ನಿಟ್ಟಿದ್ದವರು. ಅವರಲ್ಲಿ ಹಿರಿಯನಾದ ವಿಲ್ಬರ್, ಸೈಕಲ್ ಸವಾರರನ್ನು ಕಂಡಾಗ ಎಡಕ್ಕೆ ಹೇಗೆ ತಿರುಗುವಿರೆಂದು ಕೇಳುತ್ತಿದ್ದನಂತೆ. ಮೊದಲ ಸಲಕ್ಕೆ ಸರಿಯಾದ ಉತ್ತರವನ್ನು ಹೇಳಿದವರು ಒಬ್ಬರೂ ಸಿಕ್ಕಲಿಲ್ಲವಂತೆ. ಎಲ್ಲರೂ ಸರಿಯಾಗಿ ತಿರುಗಬಲ್ಲರು, ಹೇಗೆಂಬುದನ್ನು ಹೇಳಲಾರರು. ತಾಯಿನುಡಿಯ ವಿಷಯದಲ್ಲಿ ದಿನವೂ ಇದನ್ನು ನಾವು ತರಗತಿಯಲ್ಲಿ ಕಾಣುತ್ತೇವೆ. ವಿಭಕ್ತಿಯ ಹೆಸರನ್ನರಿಯದ ಮಗು ವಿಭಕ್ತಿಗಳನ್ನು ತಪ್ಪಿಲ್ಲದೆ ನುಡಿಯುತ್ತದೆ. ವ್ಯತ್ಯಾಸವಿಷ್ಟೆ: ಮಾತನಾಡುವಾಗ ವ್ಯಾಕರಣ ಮರೆತರೆ ನಗುವರು, ಅಷ್ಟೆ. ಬಂಡಿಯ ಮೇಲೆ ಗಾಬರಿಗೊಂಡ ಕ್ಷಣದಲ್ಲಿ ಮೈಯ ರೂಢಿ ಹಿಂದೆ ಸರಿದು, ‘ಎಡಕ್ಕೆ ಹೋಗಲು ಎಡಕ್ಕೆ ತಿರುಗಿಸು’ ಎಂದು ಬುದ್ಧಿ ಕಲ್ಪಿಸಿಕೊಂಡಿದ್ದ ಸುಳ್ಳು ಸೂತ್ರ ಕೈಯನ್ನು ಹಿಡಿದುಕೊಳ್ಳುತ್ತದೆ. ಅಮೆರಿಕದ ಹ್ಯಾರಿ ಹರ್ಟ್ ಎಂಬುವರು ಲಾಸ್ ಏಂಜಲೀಸ್ ಸುತ್ತಿನ ಸುಮಾರು 900 ಮೋಟಾರ್ ಸೈಕಲ್ ಅಪಘಾತಗಳನ್ನು ಸ್ಥಳದಲ್ಲಿಯೇ ಪರೀಕ್ಷಿಸಿ 1981ರಲ್ಲಿ ವರದಿಯನ್ನು ಪ್ರಕಟಿಸಿದರು. ಅಪಾಯ ಕಂಡ ಮೇಲೆ ಸವಾರನಿಗೆ ಸಿಕ್ಕುವ ಕಾಲ ಸಾಧಾರಣವಾಗಿ ಎರಡು ಸೆಕೆಂಡಿಗೂ ಕಡಮೆ. ಹಿಡಿಯನ್ನೊತ್ತಿ ಬಂಡಿಯನ್ನು ಪಕ್ಕಕ್ಕೆ ತಪ್ಪಿಸುವ ಸಾಮರ್ಥ್ಯ ಆ ಸವಾರರಲ್ಲಿ ಇಲ್ಲವೆನ್ನುವಷ್ಟಿತ್ತು. ನಮ್ಮ ಹುಡುಗನೊಬ್ಬನದೇ ತಪ್ಪಲ್ಲವೆಂದು ಇದನ್ನೋದಿ ನಮಗೆ ತುಸು ಸಮಾಧಾನವಾಯಿತು.

ಇನ್ನು ವೇಗದ ವಿಚಾರ. ನಡಿಗೆಯ ವೇಗದಲ್ಲಿ, ಗಂಟೆಗೆ ಹದಿನೈದು ಕಿಲೋಮೀಟರಿನೊಳಗೆ, ಬಂಡಿಯನ್ನು ಎತ್ತಿ ಹಿಡಿಯುವಷ್ಟು ವೇಗದ ಬಲವಿರುವುದಿಲ್ಲ. ಆಗ ಹ್ಯಾಂಡಲು ಕಣ್ಣಿಗೆ ಕಾಣುವಂತೆ ತಿರುವಿನ ಕಡೆಗೇ ತಿರುಗಿರುತ್ತದೆ. ಮೊದಲ ವಿರುದ್ಧದ ಒತ್ತು ಅಲ್ಲಿಯೂ ಉಂಟು; ಆದರೆ ಅಲ್ಪವಾದುದರಿಂದ ಗಮನಕ್ಕೆ ಬಾರದು. ಲಾರಿಯ ಹಿಂದೆ ತೆವಳುತ್ತ ಹೇರ್‌ಪಿನ್ ತಿರುವನ್ನು ಏರುವ ಜಾಣ ಸವಾರನು ಬಂಡಿಯನ್ನು ಒಳಕ್ಕೆ ವಾಲಿಸಿ ತನ್ನ ಮೈಯನ್ನು ನೆಟ್ಟಗೆ ಇಟ್ಟುಕೊಂಡು, ಕ್ಲಚ್ಚನ್ನೂ ಹಿಂದಿನ ಬ್ರೇಕನ್ನೂ ಹದವಾಗಿ ಹಿಡಿದಿರುತ್ತಾನೆ. ವೇಗ ಹೆಚ್ಚಿದಂತೆ ಹ್ಯಾಂಡಲಿನ ತಿರುಗು ಕುಗ್ಗುತ್ತದೆ, ವಾಲು ಹೆಚ್ಚುತ್ತದೆ. ವಾಲಿದ ಚಕ್ರದ ಗುಣವೂ ಇದಕ್ಕೆ ನೆರವಾಗುತ್ತದೆ. ಬಾಯಿ ಅಗಲವಾಗಿ ತಳ ಕಿರಿದಾದ ಲೋಟವನ್ನು ನೆಲದ ಮೇಲೆ ಉರುಳಿಸಿ ನೋಡಿ. ಅದು ನೇರವಾಗಿ ಹೋಗದೆ ಸುತ್ತು ಹಾಕುತ್ತದೆ. ದುಂಡುಮೈಯ ಟಯರು ಅಂಚಿನ ಮೇಲೆ ಉರುಳುವಾಗಲೂ ಹೀಗೆಯೇ.

ಎಷ್ಟು ವಾಲಬೇಕೆಂಬುದಕ್ಕೆ ಗಣಿತವುಂಟು. ವೇಗ ಎರಡರಷ್ಟಾದರೆ ಬೇಕಾಗುವ ಬಲ ನಾಲ್ಕರಷ್ಟಾಗುತ್ತದೆ. ಹದಿನೈದು ಮೀಟರ್ ತ್ರಿಜ್ಯದ ತಿರುವೊಂದನ್ನು ಭಾವಿಸಿಕೊಳ್ಳೋಣ. ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ ಸುಮಾರು 12 ಡಿಗ್ರಿ ವಾಲಿದರೆ ಸಾಕು. 30ಕ್ಕೆ 25 ಡಿಗ್ರಿ ಬೇಕು. 40ಕ್ಕೆ 40 ಡಿಗ್ರಿ. ಪಂದ್ಯದ ಸವಾರರು ವಿಶೇಷವಾದ ಟಯರಿನ ಮೇಲೆ 60 ಡಿಗ್ರಿಗೂ ಮೀರಿ ವಾಲುವುದನ್ನು ಹುಡುಗರು ಫೋನಿನಲ್ಲಿ ನೋಡಿರುತ್ತಾರೆ. ನಮ್ಮ ಬಂಡಿಗಳಲ್ಲಿ 40 ಡಿಗ್ರಿಯೊಳಗೇ ಕಾಲಿಡುವ ಕಡ್ಡಿ ನೆಲಕ್ಕೆ ಉಜ್ಜಬಹುದು. ಒಣಗಿದ ಒಳ್ಳೆಯ ರಸ್ತೆಯಲ್ಲಿಯೂ ಟಯರಿನ ಹಿಡಿತ ಅಲ್ಲಿಗೆ ಹೆಚ್ಚುಕಡಮೆ ಮುಗಿಯುತ್ತದೆ. ಮಳೆ, ಜಲ್ಲಿಪುಡಿ, ಬಿದಿರೆಲೆ, ಲಾರಿಯಿಂದ ಚೆಲ್ಲಿದ ಡೀಸೆಲು ಇದ್ದರೆ ಹೇಳುವುದೇ ಬೇಡ. ಮೂವತ್ತರಲ್ಲಿ ಸುಖವಾಗಿ ಮುಗಿದ ತಿರುವು ನಲವತ್ತರಲ್ಲಿ ಕೆಡವುವುದೇಕೆಂದರೆ, ವೇಗ ಮೂರನೆಯ ಒಂದು ಪಾಲು ಹೆಚ್ಚಿದಾಗ ಬೇಕಾಗುವ ಬಲ ಮುಕ್ಕಾಲು ಪಾಲಿಗಿಂತ ಹೆಚ್ಚು ಏರಿರುತ್ತದೆ.

ಆ ಹಿಡಿತವೆಂಬುದು ಸಂಬಳವಿದ್ದಂತೆ. ತಿರುಗುವುದಕ್ಕೂ ಬ್ರೇಕಿಗೂ ಅದೊಂದರಿಂದಲೇ ಖರ್ಚು. ವಾಲಿರುವಾಗ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರೆ ಬಂಡಿ ನೆಟ್ಟಗಾಗಿ ತಿರುವಿನ ಹೊರಕ್ಕೆ ಓಡುತ್ತದೆ, ಇಲ್ಲವೆ ಚಕ್ರ ಜಾರುತ್ತದೆ. ಘಟ್ಟವನ್ನು ಇಳಿಯುವಾಗಲಂತೂ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬಿದ್ದಿರುತ್ತದೆ. ಆದ್ದರಿಂದ ಬಂಡಿ ನೆಟ್ಟಗಿರುವಾಗಲೇ ಬ್ರೇಕು ಹಿಡಿದು, ಗೇರನ್ನು ಇಳಿಸಿ, ಆಮೇಲೆ ತಿರುವನ್ನು ಹೊಗಬೇಕು.

ಇನ್ನೊಂದು ಸೂಕ್ಷ್ಮವನ್ನು ಸವಾರರಾದವರು ಮರೆಯಬಾರದು. ಬಲತಿರುವಿನಲ್ಲಿ ರಸ್ತೆಯ ನಡುಗೆರೆಯ ಬಳಿ ವಾಲಿದವನ ಚಕ್ರ ತನ್ನ ಪಾಲಿನ ರಸ್ತೆಯಲ್ಲಿದ್ದರೂ ತಲೆ ಎದುರಿನವನ ಪಾಲಿನಲ್ಲಿರುತ್ತದೆ. ಘಟ್ಟದಲ್ಲಿ ಕಬ್ಬಿನ ಲಾರಿ ತಿರುಗುವುದಕ್ಕೆ ರಸ್ತೆಯ ಪೂರ್ಣ ಅಗಲವೂ ಬೇಕಾಗುವುದನ್ನು ತಾವು ನೋಡಿದ್ದೀರಿ. ಹಿಂದೆ ಕುಳಿತ ತಾಯಂದಿರಿಗೂ ಒಂದು ಮಾತು: ಬಂಡಿ ವಾಲಿದಾಗ ಹೆದರಿ ಎದುರು ದಿಕ್ಕಿಗೆ ಬಗ್ಗಬೇಡಿ. ಮಗನ ಬೆನ್ನ ಹಿಂದೆ ಅವನಂತೆಯೇ ಇರಿ. ಒಂದು ಪಕ್ಕಕ್ಕೆ ಕಾಲುಬಿಟ್ಟು ಕುಳಿತಾಗ, ನೇರ ದಾರಿಯಲ್ಲಿಯೂ ಆ ಭಾರವನ್ನು ಸರಿದೂಗಿಸಲು ಬಂಡಿಯನ್ನು ಅವನು ಇನ್ನೊಂದು ಕಡೆಗೆ ಸ್ವಲ್ಪ ವಾಲಿಸಿಕೊಂಡೇ ಇರಬೇಕಾಗುತ್ತದೆ.

ಬುಗುರಿಯಂತೆ ತಿರುಗುವ ಚಕ್ರವೇ ಬಂಡಿಯನ್ನು ನಿಲ್ಲಿಸುವುದಲ್ಲವೆ ಎಂದು ವಿಜ್ಞಾನ ಓದಿದವರು ಕೇಳಬಹುದು. ಅದರ ಪಾಲೂ ಉಂಟು, ಅದೊಂದೇ ಅಲ್ಲ. ಬುಗುರಿಯ ಗುಣವನ್ನು ಬೇಕೆಂದೇ ರದ್ದುಮಾಡಿದ ಸೈಕಲ್ಲೊಂದನ್ನು ಅಮೆರಿಕ ಮತ್ತು ಹಾಲೆಂಡಿನ ಸಂಶೋಧಕರು ಕಟ್ಟಿ, ಅದು ಸವಾರನಿಲ್ಲದೆಯೂ ಬೀಳದೆ ಓಡುವುದನ್ನು 2011ರಲ್ಲಿ ತೋರಿಸಿದರು. ಅದರ ವಿಸ್ತಾರಕ್ಕೆ ಈಗ ಸಮಯವಿಲ್ಲ. ಅಧ್ಯಕ್ಷರು ಗಡಿಯಾರವನ್ನು ನೋಡುತ್ತಿದ್ದಾರೆ.

ನಾಳೆ ಭಾನುವಾರ. ಬೆಳಗ್ಗೆ ಏಳು ಗಂಟೆಗೆ ಶಾಲೆಯ ಮೈದಾನದಲ್ಲಿ ಸುಣ್ಣದ ಗೆರೆಗಳನ್ನು ಎಳೆದಿರುತ್ತೇವೆ. ಬಂಡಿಯೂ ಲೈಸೆನ್ಸೂ ಹೆಲ್ಮೆಟ್ಟೂ ಇರುವ ತರುಣರು ಬರಲಿ. ಗಂಟೆಗೆ ಮೂವತ್ತು ಕಿಲೋಮೀಟರ್ ವೇಗದಲ್ಲಿ ನೇರವಾಗಿ ಬರುತ್ತ ಎಡಹಿಡಿಯನ್ನು ಮೆಲ್ಲನೆ ಒತ್ತಿ ಎಡಕ್ಕೆ, ಬಲಹಿಡಿಯನ್ನು ಒತ್ತಿ ಬಲಕ್ಕೆ ಹೋಗಿ ನೋಡಲಿ. ನಂಬಿಕೆ ಹುಟ್ಟುವವರೆಗೆ ಹತ್ತು ಸಲ, ಇಪ್ಪತ್ತು ಸಲ ಮಾಡಲಿ. ಭುಜದ ಎಲುಬು ಕೂಡಿಕೊಂಡು ಮತ್ತೆ ಬಂಡಿ ಹತ್ತಿರುವ ನಮ್ಮ ಆ ಹುಡುಗನೇ ಮೊದಲು ಓಡಿಸಿ ತೋರಿಸುವುದಾಗಿ ಒಪ್ಪಿದ್ದಾನೆ.