ಫಿರಂಗಿಯನ್ನು ಹೊತ್ತ ಮರ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಮ್ಮ ಜಿಲ್ಲೆಯ ಸಕಲೇಶಪುರದ ಬಳಿ ಟಿಪ್ಪು ಸುಲ್ತಾನರು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಎಂಟು ಮೂಲೆಯ ನಕ್ಷತ್ರದಂತಹ ಆ ಕೋಟೆಯಲ್ಲಿ ನಿಂತಾಗ ಎಲ್ಲರಿಗೂ ಫಿರಂಗಿಯ ನೆನಪಾಗುತ್ತದೆ. ಫಿರಂಗಿಯನ್ನು ಹೊತ್ತ ಗಾಡಿಯ ನೆನಪು ಯಾರಿಗೂ ಆಗುವುದಿಲ್ಲ. ಇಂದು ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಗುಂಡನ್ನು ಮುಂದಕ್ಕೆ ನೂಕುವ ಬಲವೇ ಫಿರಂಗಿಯನ್ನು ಹಿಂದಕ್ಕೆ ಒದೆಯುತ್ತದೆ. ನೀವು ಓದುವ ನ್ಯೂಟನ್ನನ ಮೂರನೆಯ ನಿಯಮ ಇದೇ. ಉದ್ದನೆಯ ಫಿರಂಗಿ ಚಕ್ರದ ಮೇಲೆ ಹಿಂದಕ್ಕೆ ಉರುಳಿ ಆ ಒದೆತವನ್ನು ತಾಳಿಕೊಳ್ಳುತ್ತದೆ. ಒರಳಿನಂತಹ ಗಿಡ್ಡ ಫಿರಂಗಿ, ಅಂದರೆ ಮಾರ್ಟರ್, ಬಾಯಿ ಮೇಲೆತ್ತಿ ಕುಳಿತಿರುತ್ತದೆ. ಅದರ ಒದೆತ ನೆಲದ ಕಡೆಗೆ. ಚಕ್ರದ ಮೇಲಿಟ್ಟು ಹಾರಿಸಿದರೆ ಅಚ್ಚು ಮುರಿದೀತು. ಆದ್ದರಿಂದ ದಪ್ಪ ತೊಲೆಗಳನ್ನು ಜೋಡಿಸಿ, ಕಬ್ಬಿಣದ ಪಟ್ಟಿ ಬಿಗಿದು, ಅದಕ್ಕೆ ಚಕ್ರವಿಲ್ಲದ ಪೀಠ ಮಾಡುತ್ತಿದ್ದರು.

ಚಕ್ರದ ಕೆಲಸದಲ್ಲೂ ಲೆಕ್ಕವಿದೆ. ಎತ್ತಿನ ಗಾಡಿಗೆ ಹಳಿ ಕಟ್ಟುವುದನ್ನು ನಿಮ್ಮ ದಾದಾ, ನಾನಾ ಕಂಡಿರುತ್ತಾರೆ. ಹಳಿಯನ್ನು ಚಕ್ರದ ಸುತ್ತಳತೆಗಿಂತ ತುಸು ಚಿಕ್ಕದು ಮಾಡಿ, ಕೆಂಪಗೆ ಕಾಯಿಸಿ, ಹಿಗ್ಗಿದಾಗ ತೊಡಿಸಿ ನೀರು ಹೊಯ್ಯುತ್ತಾರೆ. ಅದು ಕುಗ್ಗಿ ಚಕ್ರವನ್ನು ಬಿಗಿ ಹಿಡಿಯುತ್ತದೆ. ಅಳತೆ ತಪ್ಪಿದರೆ ಹಳಿ ಕಳಚುತ್ತದೆ, ಇಲ್ಲವೇ ಅರೆಕಾಲುಗಳು ಡೊಂಕಾಗುತ್ತವೆ.

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಕಂಪನಿ ಸರ್ಕಾರ ಅಲ್ಲಿ ಫಿರಂಗಿ ಗಾಡಿಗಳ ಕಾರ್ಖಾನೆ ನಡೆಸಿತು. ಅದರ ಅಧಿಕಾರಿ ಸ್ಕಾಟ್‌ನ ಹೆಸರಿನ ಬಂಗಲೆಯನ್ನು ಜನ ಇಂದಿಗೂ ತೋರಿಸುತ್ತಾರೆ. ಅಲ್ಲಿ ದುಡಿದ ಬಡಗಿ, ಕಮ್ಮಾರರನ್ನು ಮಾತ್ರ ಯಾರೂ ಹೆಸರು ಹಿಡಿದು ನೆನೆಯುವುದಿಲ್ಲ.

ಇದನ್ನೇಕೆ ಹೇಳುತ್ತಿದ್ದೇನೆ? ನಮ್ಮ ಎಷ್ಟೋ ಹುಡುಗರು ಏಳು, ಎಂಟನೇ ತರಗತಿಗೇ ಶಾಲೆ ಬಿಟ್ಟು ಗ್ಯಾರೇಜು, ವೆಲ್ಡಿಂಗು, ಮರಗೆಲಸಕ್ಕೆ ಸೇರುತ್ತಿದ್ದಾರೆ. ಕೆಲಸ ಕೀಳಲ್ಲ. ಹಝ್ರತ್ ನೂಹ್ (ಅ) ಹಡಗು ಕಟ್ಟಿದರು, ಹಝ್ರತ್ ದಾವೂದ್ (ಅ) ಕಬ್ಬಿಣದ ಕವಚ ಮಾಡಿದರು, ಹಝ್ರತ್ ಝಕರಿಯ್ಯಾ (ಅ) ಬಡಗಿಯಾಗಿದ್ದರೆಂದು ಹದೀಸಿನಲ್ಲಿದೆ. ಆದರೆ ಅಳತೆಯ ಕಾರಣ ತಿಳಿಯದವನು ಕೊನೆತನಕ ಸಹಾಯಕನಾಗಿಯೇ ಉಳಿಯುತ್ತಾನೆ, ನಕ್ಷೆ ಓದಬಲ್ಲವನು ಮೇಸ್ತ್ರಿಯಾಗುತ್ತಾನೆ.

ತಂದೆ ತಾಯಂದಿರೇ, ಮಗ ಉಳಿ ಹಿಡಿಯಲಿ, ಆದರೆ ಎಸ್ಸೆಸ್ಸೆಲ್ಸಿ ಮುಗಿಸಿ, ಐ.ಟಿ.ಐ. ಅಥವಾ ಡಿಪ್ಲೊಮಾ ಓದಿ ಹಿಡಿಯಲಿ. ವಿದ್ಯಾರ್ಥಿಗಳೇ, ಪ್ರತಿಭೆ ನಿಮ್ಮಲ್ಲಿ ಧಾರಾಳವಾಗಿದೆ. ಅದನ್ನು ಹೊರುವ ಪೀಠವನ್ನು ಗಟ್ಟಿಯಾಗಿ ಕಟ್ಟಿಕೊಳ್ಳಿ. ಅಲ್ಲಾಹನು ನಿಮಗೆ ಯಶಸ್ಸು ನೀಡಲಿ.