ಕ್ಯಾನ್ಸರ್ ಸಂಶೋಧನೆ: ತಡೆಯುವುದು ಮೊದಲೋ, ಗುಣಪಡಿಸುವುದು ಮೊದಲೋ?

(ಕೂಟದ ವಾರ್ಷಿಕ ಸಭೆಯಲ್ಲಿ ಅತಿಥಿಗಳು ನೀಡಿದ ಉಪನ್ಯಾಸದ ಲಿಖಿತ ರೂಪ)



ಇಂದಿನ ವಿಷಯವನ್ನು ಆರಿಸಿದವರು ನಿಮ್ಮ ಕಾರ್ಯಕಾರಿ ಸಮಿತಿಯವರು. ಈ ವರ್ಷದ ಸಹಾಯನಿಧಿಯನ್ನು ತಾಯ್ನಾಡಿನಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ ಕಾರ್ಯಕ್ಕೆ ಕಳುಹಿಸಬೇಕೆಂದು ಕೂಟ ನಿಶ್ಚಯಿಸಿದೆ. ಆದರೆ ಅದು ಹೊಸ ಚಿಕಿತ್ಸೆಯ ಸಂಶೋಧನೆಗೆ ಸಲ್ಲಬೇಕೋ, ರೋಗವನ್ನೇ ತಡೆಯುವ ಸಂಶೋಧನೆಗೆ ಸಲ್ಲಬೇಕೋ ಎಂಬಲ್ಲಿ ಒಮ್ಮತ ಮೂಡಿಲ್ಲವೆಂದು ಕೇಳಿದೆ. ಇದು ನಿಮ್ಮ ಕೂಟದೊಳಗಿನ ಚರ್ಚೆ ಮಾತ್ರವಲ್ಲ. ಈ ದೇಶದ ವಿಜ್ಞಾನಿಗಳೂ ಶಾಸಕರೂ ಅರ್ಧ ಶತಮಾನಕ್ಕೂ ಮಿಗಿಲಾಗಿ ಇದನ್ನೇ ಚರ್ಚಿಸುತ್ತ ಬಂದಿದ್ದಾರೆ.

1971ರ ಡಿಸೆಂಬರ್ 23ರಂದು ಅಧ್ಯಕ್ಷ ನಿಕ್ಸನ್ ರಾಷ್ಟ್ರೀಯ ಕ್ಯಾನ್ಸರ್ ಕಾಯಿದೆಗೆ ಸಹಿ ಹಾಕಿದರು. ಕ್ಯಾನ್ಸರ್ ವಿರುದ್ಧದ ಸಮರ ಎಂದೇ ಅದು ಪ್ರಸಿದ್ಧವಾಯಿತು. ಆ ಸಮರದ ಮುಖ್ಯ ಆಶಯ ಔಷಧದಿಂದ ರೋಗವನ್ನು ಗೆಲ್ಲುವುದಾಗಿತ್ತು. ಹದಿನೈದು ವರ್ಷ ಕಳೆದ ಮೇಲೆ, 1986ರಲ್ಲಿ, ಜಾನ್ ಬೈಲರ್ ಮತ್ತು ಎಲೈನ್ ಸ್ಮಿತ್ ಎಂಬ ವಿದ್ವಾಂಸರು ಮರಣದ ಅಂಕಿ ಅಂಶಗಳನ್ನು ಪರಿಶೀಲಿಸಿ, ಒಟ್ಟು ಮರಣ ಪ್ರಮಾಣ ಇಳಿದೇ ಇಲ್ಲವೆಂದೂ, ಸಂಶೋಧನೆಯ ಒತ್ತು ತಡೆಗಟ್ಟುವಿಕೆಯ ಕಡೆಗೆ ಹೊರಳಬೇಕೆಂದೂ ಬರೆದರು. ಆ ಬರಹ ದೊಡ್ಡ ವಿವಾದವನ್ನೆಬ್ಬಿಸಿತು. ಬೈಲರ್ 1997ರಲ್ಲಿ ಮತ್ತೊಮ್ಮೆ ಅದೇ ಮಾತನ್ನು ಆಡಿದರು.

ಮೊದಲು ಚಿಕಿತ್ಸೆಯ ಪಕ್ಷವನ್ನು ನ್ಯಾಯವಾಗಿ ಮಂಡಿಸುತ್ತೇನೆ. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿಗೆ ತುತ್ತಾದ ಹದಿನಾರು ಮಕ್ಕಳಿಗೆ ಅಮೈನಾಪ್ಟೆರಿನ್ ಎಂಬ ಔಷಧವನ್ನು ಕೊಟ್ಟು, ಹತ್ತು ಮಕ್ಕಳಲ್ಲಿ ರೋಗ ಕೆಲಕಾಲ ಹಿಮ್ಮೆಟ್ಟಿತೆಂದು ವರದಿ ಮಾಡಿದರು. ಆ ಔಷಧ ತಯಾರಾದದ್ದು ಭಾರತದಿಂದ ಬಂದ ಯಲ್ಲಾಪ್ರಗಡ ಸುಬ್ಬರಾವ್ ಅವರು ನಿರ್ದೇಶಿಸುತ್ತಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ ಎಂಬುದು ನಮಗೆ ಹೆಮ್ಮೆಯ ಸಂಗತಿ. ಆಗ ವಾರಗಳ ಲೆಕ್ಕದಲ್ಲಿ ಸಾಯುತ್ತಿದ್ದ ಇಂಥ ಮಕ್ಕಳಲ್ಲಿ ಇಂದು ಈ ದೇಶದಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿ ಐದು ವರ್ಷಗಳನ್ನು ದಾಟಿ ಬದುಕುತ್ತಾರೆ. 2001ರಲ್ಲಿ ಮಂಜೂರಾದ ಇಮಾಟಿನಿಬ್ ಮಾತ್ರೆ, ದೀರ್ಘಕಾಲಿಕ ರಕ್ತ ಕ್ಯಾನ್ಸರಿನ ಒಂದು ಬಗೆಯನ್ನು ಸಕ್ಕರೆ ಕಾಯಿಲೆಯಂತೆ ನಿಭಾಯಿಸಬಹುದಾದ ರೋಗವನ್ನಾಗಿ ಮಾಡಿತು. ಐದು ವರ್ಷದ ಮಗು ಯಾವ ದುರಭ್ಯಾಸ ಮಾಡಿತ್ತು? ಹಲವು ಕ್ಯಾನ್ಸರುಗಳಿಗೆ ನಾವು ತಡೆಯಬಲ್ಲ ಕಾರಣವೇ ಇಲ್ಲ. ಕೋಶಗಳು ಇಬ್ಭಾಗವಾಗುವಾಗ ತಾವಾಗಿ ಆಗುವ ತಪ್ಪುಗಳಿಂದಲೂ ರೋಗ ಹುಟ್ಟುತ್ತದೆ. ಅಂಥ ರೋಗಿಗೆ ಮುನ್ನೆಚ್ಚರಿಕೆಯ ಉಪದೇಶ ಮಾಡುವುದು ನಿಷ್ಕರುಣೆ.

ಇನ್ನು ಎರಡನೆಯ ಪಕ್ಷ. ಇಂಗ್ಲೆಂಡಿನಲ್ಲಿ ಡಾಲ್ ಮತ್ತು ಹಿಲ್ 1950ರಲ್ಲಿ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. 1964ರಲ್ಲಿ ಈ ದೇಶದ ಸರ್ಜನ್ ಜನರಲ್ ವರದಿ ಅದನ್ನು ಅಧಿಕೃತವಾಗಿ ಸಾರಿತು. 1965ರಲ್ಲಿ ಇಲ್ಲಿನ ವಯಸ್ಕರಲ್ಲಿ ನೂರಕ್ಕೆ 42 ಮಂದಿ ಸಿಗರೇಟು ಸೇದುತ್ತಿದ್ದರು. ಈಗ ನೂರಕ್ಕೆ ಹನ್ನೆರಡಕ್ಕಿಂತ ಕಡಿಮೆ. ಅಮೆರಿಕದ ಕ್ಯಾನ್ಸರ್ ಮರಣ ಪ್ರಮಾಣ 1991ರಲ್ಲಿ ಶಿಖರ ಮುಟ್ಟಿ, ಅಲ್ಲಿಂದೀಚೆಗೆ ಸುಮಾರು ಮೂರನೇ ಒಂದು ಭಾಗ ಇಳಿದಿದೆ.

ಈ ಇಳಿತದ ಶ್ರೇಯಸ್ಸು ಯಾರದು? ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಸ್ತನ, ಗರ್ಭಕೊರಳು, ದೊಡ್ಡಕರುಳು, ಶ್ವಾಸಕೋಶ, ಪ್ರಾಸ್ಟೇಟ್ ಈ ಐದು ಕ್ಯಾನ್ಸರುಗಳನ್ನು ಪರಿಶೀಲಿಸಿತು. 1975ರಿಂದ 2020ರವರೆಗೆ ಸುಮಾರು 59 ಲಕ್ಷ ಸಾವುಗಳು ತಪ್ಪಿದವೆಂದೂ, ಅವುಗಳಲ್ಲಿ ನೂರಕ್ಕೆ 80ರಷ್ಟು ತಪ್ಪಿದ್ದು ತಡೆಗಟ್ಟುವಿಕೆ ಮತ್ತು ಮುಂಚಿತ ತಪಾಸಣೆಯಿಂದಲೆಂದೂ ಅದು ಅಂದಾಜು ಮಾಡಿತು. ಆದರೆ ಒಳಗಿನ ಲೆಕ್ಕವನ್ನೂ ನೋಡಬೇಕು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಬಹುಪಾಲು ಎಲ್ಲ ಶ್ರೇಯಸ್ಸೂ ತಂಬಾಕು ನಿಯಂತ್ರಣದ್ದು. ಗರ್ಭಕೊರಳಿನದರಲ್ಲಿ ಪೂರ್ತಿಯಾಗಿ ತಪಾಸಣೆಯದು. ಸ್ತನ ಕ್ಯಾನ್ಸರಿನಲ್ಲಾದರೋ, ಉಳಿದ ಜೀವಗಳ ಮುಕ್ಕಾಲು ಪಾಲು ಚಿಕಿತ್ಸೆಯ ಸುಧಾರಣೆಯಿಂದ ಉಳಿದದ್ದು. ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಆದ್ದರಿಂದ ಒಂದೇ ಉತ್ತರವೂ ಇಲ್ಲ.

ತಡೆಗಟ್ಟಲು ಸಂಶೋಧನೆ ಏಕೆ, ಹಿತವಚನ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಕ್ಯಾರೆಟ್ಟಿನಲ್ಲಿರುವ ಬೀಟಾ ಕ್ಯಾರೊಟಿನ್ ಕ್ಯಾನ್ಸರನ್ನು ತಡೆಯುತ್ತದೆಂದು ಒಂದು ಕಾಲದಲ್ಲಿ ಅನೇಕರು ನಂಬಿದ್ದರು. ಫಿನ್ಲೆಂಡಿನಲ್ಲಿ 29 ಸಾವಿರಕ್ಕೂ ಹೆಚ್ಚು ಧೂಮಪಾನಿ ಪುರುಷರ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂದಾಗ, ಆ ಗುಳಿಗೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ನೂರಕ್ಕೆ 18ರಷ್ಟು ಹೆಚ್ಚೇ ಆಗಿತ್ತು. ದಕ್ಷಿಣ ಕೊರಿಯಾದಲ್ಲಿ ಥೈರಾಯ್ಡ್ ತಪಾಸಣೆ ಹಬ್ಬಿದಾಗ ಪತ್ತೆಯಾದ ರೋಗಿಗಳ ಪ್ರಮಾಣ 1993ರಿಂದ 2011ರೊಳಗೆ ಹದಿನೈದು ಪಟ್ಟಾಯಿತು. ಸಾವಿನ ಪ್ರಮಾಣ ಮಾತ್ರ ಬದಲಾಗಲಿಲ್ಲ. ಆರೋಗ್ಯವಂತನಿಗೆ ಕೊಡುವ ಉಪಾಯವನ್ನು ರೋಗಿಗೆ ಕೊಡುವ ಔಷಧಕ್ಕಿಂತಲೂ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು.

ಹಾಗೆ ಪರೀಕ್ಷಿಸಿ ಗೆದ್ದ ಉದಾಹರಣೆ ಎಚ್.ಪಿ.ವಿ. ಲಸಿಕೆ. ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸೆನ್ ಅವರು 1980ರ ದಶಕದಲ್ಲಿ ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಈ ವೈರಸ್ಸನ್ನು ಗುರುತಿಸಿದರು. ಅದಕ್ಕಾಗಿ 2008ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಆಸ್ಟ್ರೇಲಿಯದಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ 1991ರಲ್ಲಿ ಲಸಿಕೆಗೆ ಅಡಿಪಾಯ ಹಾಕಿದರು. 2006ರಲ್ಲಿ ಲಸಿಕೆ ಜನರಿಗೆ ದೊರೆಯಿತು. ಸ್ಕಾಟ್ಲೆಂಡಿನಲ್ಲಿ 2008ರಿಂದ ನಡೆದ ಕಾರ್ಯಕ್ರಮದಲ್ಲಿ, ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಪೂರ್ಣ ಲಸಿಕೆ ಪಡೆದ ಹುಡುಗಿಯರಲ್ಲಿ ಈ ಕ್ಯಾನ್ಸರ್ ಒಬ್ಬರಲ್ಲೂ ಕಂಡುಬಂದಿಲ್ಲವೆಂದು 2024ರಲ್ಲಿ ವರದಿಯಾಯಿತು.

ತಾಯ್ನಾಡಿನ ಕಡೆ ತಿರುಗೋಣ. ಅಲ್ಲಿ ಬಹಳ ರೋಗಿಗಳು ಆಸ್ಪತ್ರೆಗೆ ಬರುವುದೇ ರೋಗ ಬಲಿತ ಮೇಲೆ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಆಗ ಅತ್ಯುತ್ತಮ ಔಷಧವೂ ಹೆಚ್ಚು ಮಾಡಲಾರದು. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯಲ್ಲಿ ಗರ್ಭಕೊರಳಿಗೆ ವಿನೆಗರಿನ ಆಮ್ಲವನ್ನು ಸವರಿ ಕಣ್ಣಿನಿಂದಲೇ ಪರೀಕ್ಷಿಸುವ ಕ್ರಮವನ್ನು ಅನುಸರಿಸಿದಾಗ, ಆ ಕ್ಯಾನ್ಸರಿನ ಸಾವು ನೂರಕ್ಕೆ 35ರಷ್ಟು ಇಳಿಯಿತೆಂದು 2007ರಲ್ಲಿ ಪ್ರಕಟವಾಯಿತು. ಮುಂಬಯಿಯ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ, ವೈದ್ಯರಲ್ಲದ ತರಬೇತಾದ ಕಾರ್ಯಕರ್ತೆಯರಿಂದ ಇದೇ ಪರೀಕ್ಷೆ ಮಾಡಿಸಿ ನೂರಕ್ಕೆ 31ರಷ್ಟು ಇಳಿಕೆ ಸಾಧಿಸಿತು. ಇದೂ ಸಂಶೋಧನೆಯೇ; ಆದರೆ ಇದರ ಸಲಕರಣೆ ಒಂದು ಬಾಟಲಿ, ಒಂದು ದೀಪ, ಒಬ್ಬ ತರಬೇತಾದ ಹೆಣ್ಣುಮಗಳು.

ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ರೋಗ ನೋಂದಣಿ 1980ರ ದಶಕದಿಂದ ನಗರದ ಕ್ಯಾನ್ಸರುಗಳ ಲೆಕ್ಕವಿಡುತ್ತ ಬಂದಿದೆ. ಅಲ್ಲಿ ಮಹಿಳೆಯರಲ್ಲಿ ಮೊದಲು ಮುಂಚೂಣಿಯಲ್ಲಿದ್ದ ಗರ್ಭಕೊರಳಿನ ಕ್ಯಾನ್ಸರನ್ನು ಈಗ ಸ್ತನ ಕ್ಯಾನ್ಸರ್ ಹಿಂದೆ ಹಾಕಿದೆ. ಮೊದಲನೆಯದನ್ನು ಬಹುಮಟ್ಟಿಗೆ ತಡೆಯಬಲ್ಲೆವು. ಎರಡನೆಯದಕ್ಕೆ ಒಳ್ಳೆಯ ಚಿಕಿತ್ಸೆ ಬೇಕೇ ಬೇಕು.

ಒಂದು ಕಹಿ ಮಾತನ್ನೂ ಹೇಳಬೇಕಾಗಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಎಲೆ ಅಡಿಕೆಯಿಲ್ಲದ ಶುಭಕಾರ್ಯ ನಮ್ಮಲ್ಲಿಲ್ಲ. ಆದರೆ ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಪ್ರಕಟಿಸಿದೆ. ಮಲೆನಾಡು, ಕರಾವಳಿಗಳ ಬೆಳೆಗಾರರ ಬದುಕು ಇದಕ್ಕೆ ಕಟ್ಟಿಕೊಂಡಿರುವುದರಿಂದ ಈ ಮಾತು ಸುಲಭವಲ್ಲ. ತಾಂಬೂಲವನ್ನು ಗೌರವದಿಂದ ಸ್ವೀಕರಿಸೋಣ. ದಿನವೂ ಅಗಿಯುವ ಅಭ್ಯಾಸವನ್ನು ಮಾತ್ರ ಇಲ್ಲಿ ಬೆಳೆಯುವ ಮಕ್ಕಳಿಗೆ ಸಂಸ್ಕೃತಿಯ ಹೆಸರಿನಲ್ಲಿ ಕೊಡುವುದು ಬೇಡ.

ಹಾಗಾದರೆ ನನ್ನ ತೀರ್ಮಾನವೇನು? ಹೊಸ ಔಷಧಕ್ಕೆ ಮಾರುಕಟ್ಟೆಯಿದೆ. ಅದರ ಸಂಶೋಧನೆಗೆ ಕಂಪನಿಗಳು ಹಣ ಹೂಡುತ್ತವೆ, ಹೂಡಲಿ. ಆದರೆ ಸೇದದೆ ಬಿಟ್ಟ ಸಿಗರೇಟನ್ನು, ಬಾರದೆ ಹೋದ ಗಡ್ಡೆಯನ್ನು ಮಾರಿ ಲಾಭ ಗಳಿಸುವವರಿಲ್ಲ. ತಡೆಗಟ್ಟುವ ಸಂಶೋಧನೆಯ ಫಲ ಸಿಗಲು ಇಪ್ಪತ್ತು ಮೂವತ್ತು ವರ್ಷ ಬೇಕು. ಉಳಿದ ಜೀವಕ್ಕೆ ತಾನು ಉಳಿದೆನೆಂಬುದೂ ತಿಳಿಯದು. ಕೃತಜ್ಞತೆ ಹೇಳಲು ಯಾರೂ ಬರುವುದಿಲ್ಲ. ಲಾಭವನ್ನು ಬಯಸದ ಹಣ ಹೋಗಬೇಕಾದದ್ದು ಅಲ್ಲಿಗೇ. ಆದ್ದರಿಂದ ಸರ್ಕಾರದ ಮತ್ತು ದಾನಿಗಳ ಮುಂದಿನ ರೂಪಾಯಿ ತಡೆಗಟ್ಟುವಿಕೆಗೆ ಮೊದಲು ಸಲ್ಲಲಿ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಎರಡು ಕಟ್ಟುಪಾಡುಗಳುಂಟು: ಮಕ್ಕಳ ಹಾಗೂ ವಿರಳವಾದ ಕ್ಯಾನ್ಸರುಗಳ ಚಿಕಿತ್ಸಾ ಸಂಶೋಧನೆಯನ್ನು ಕೈಬಿಡಬಾರದು, ತಪಾಸಣೆಯಲ್ಲಿ ರೋಗ ಕಂಡವರಿಗೆ ಚಿಕಿತ್ಸೆಯ ದಾರಿ ಮೊದಲೇ ಸಿದ್ಧವಿರಬೇಕು. ಚಿಕಿತ್ಸೆಯಿಲ್ಲದ ತಪಾಸಣೆ ಬರಿಯ ಭಯವನ್ನಷ್ಟೇ ಹಂಚುತ್ತದೆ. ನಿಮ್ಮ ನಿಧಿಯ ವಿಷಯದಲ್ಲೂ ನನ್ನ ಸಲಹೆ ಇದೇ: ತಪಾಸಣೆಯ ಅಧ್ಯಯನಕ್ಕೆ ಹೆಚ್ಚು ಪಾಲು, ಅದರಲ್ಲಿ ಪತ್ತೆಯಾದವರ ಆರೈಕೆಗೆ ನಿಶ್ಚಿತ ಪಾಲು.

ಕೊನೆಯದಾಗಿ, ತಾಯ್ನಾಡಿಗೆ ಕಳುಹಿಸುವ ಹಣದಷ್ಟೇ ಮುಖ್ಯವಾದ ಕೆಲಸ ಮನೆಯೊಳಗೂ ಇದೆ. ಹನ್ನೊಂದು ಹನ್ನೆರಡರ ಮಗನಿಗೂ ಮಗಳಿಗೂ ವೈದ್ಯರು ಈ ಲಸಿಕೆಯ ಮಾತೆತ್ತಿದಾಗ ಸಂಕೋಚದಿಂದ ಮುಂದೂಡಬೇಡಿ. ನಲವತ್ತೈದು ದಾಟಿದವರು ಕರುಳಿನ ತಪಾಸಣೆಯ ಬಗ್ಗೆ ಕೇಳಿರಿ. ಊರಿನಲ್ಲಿರುವ ತಾಯಿಗೆ, ಅತ್ತೆಗೆ, ಅಕ್ಕನಿಗೆ ಫೋನು ಮಾಡಿದಾಗ, ಊಟವಾಯಿತೇ ಎಂದು ಕೇಳುವ ಜೊತೆಗೆ ತಪಾಸಣೆ ಮಾಡಿಸಿಕೊಂಡಿರಾ ಎಂದೂ ಕೇಳಿರಿ.